ಶಿಶಿರಜಲಮೋಕ್ಷ ಮೀಮಾಂಸೆ

ಅಮೆರಿಕದ ಮಿನೆಸೋಟಾದಲ್ಲಿ ಅಕ್ಟೋಬರ್ ಬಂತೆಂದರೆ ಅಂಗಳದಲ್ಲಿ ನಿಂತ ಪ್ರವಾಸದ ಮನೆಗಾಡಿಗಳ, ಅಂದರೆ ಕ್ಯಾಂಪರ್‌ಗಳ ಸುತ್ತ ಶಾಸ್ತ್ರಾರ್ಥ ಶುರು. ಮೂಲಸೂತ್ರ ಒಂದೇ: ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ನಲ್ಲಿ ಹಿಗ್ಗುವುದಿಲ್ಲ. ಇದರ ಮೇಲೆ ಭಾಷ್ಯಗಳು ಎರಡು, ಜಗಳಗಳು ಅನಂತ.

ವಾಯುವಾದಿಗಳ ಮತದಲ್ಲಿ, ಟ್ಯಾಂಕುಗಳನ್ನು ಬರಿದು ಮಾಡಿ, ಕಂಪ್ರೆಸರ್ ಗಾಳಿಯಿಂದ ಪೈಪುಗಳನ್ನು ಊದಿಬಿಟ್ಟರೆ ಜಲಕ್ಕೆ ಮೋಕ್ಷ. ಒತ್ತಡ ಮಾತ್ರ 50 ಪಿಎಸ್‌ಐ ದಾಟಬಾರದು. ದಾಟಿದರೆ ಹಿಮ ಮಾಡಬೇಕಾದ ಕೆಲಸವನ್ನು ಭಕ್ತನೇ ಮುಗಿಸಿಬಿಡುತ್ತಾನೆ. ಗುಲಾಬಿಪಂಥದವರ ಆಕ್ಷೇಪ: ಗಾಳಿ ನೀರಿನ ಮೇಲೆ ಹಾದುಹೋಗುತ್ತದೆ, ತಗ್ಗಿನಲ್ಲಿ ಶೇಷ ಉಳಿಯುತ್ತದೆ. ಆದ್ದರಿಂದ ಪ್ರೊಪಿಲೀನ್ ಗ್ಲೈಕಾಲ್ ಇರುವ ಗುಲಾಬಿ ಬಣ್ಣದ ಆಂಟಿಫ್ರೀಜನ್ನು ಪಂಪಿನಿಂದ ಎಳೆಸಿ, ಪ್ರತಿ ನಲ್ಲಿಯಲ್ಲೂ ತಣ್ಣೀರು, ಬಿಸಿನೀರು ಎರಡೂ ಕಡೆ ಗುಲಾಬಿ ದರ್ಶನವಾಗುವವರೆಗೆ ಬಿಡಬೇಕು. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಅದನ್ನು ಕುಡಿಯುವ ನೀರಿನ ಪೈಪಿಗೆ ಸೋಕಿಸಬಾರದು ಎಂಬಲ್ಲಿ ಮಾತ್ರ ಎರಡೂ ಮತಗಳಿಗೆ ಐಕಮತ್ಯ.

ಇನ್ನು ಗೀಸರ್ ಪ್ರಕರಣ. ಪೈಪುಗಳಿಗೆ 2–3 ಗ್ಯಾಲನ್ ಗುಲಾಬಿ ಸಾಕು. ಆದರೆ ಗೀಸರನ್ನು ಬದಿಗಿಟ್ಟು ಹರಿಸುವ ಬೈಪಾಸ್ ವಾಲ್ವ್ ತಿರುಗಿಸುವುದನ್ನು ಮರೆತರೆ, 6 ಗ್ಯಾಲನ್, ಅಂದರೆ ಸುಮಾರು 23 ಲೀಟರ್ ಹಿಡಿಯುವ ಗೀಸರ್ ಎಲ್ಲವನ್ನೂ ಕುಡಿದು ಸುಮ್ಮನಿರುತ್ತದೆ. ಅದರೊಳಗಿನ ನೀರನ್ನು ಹೊರಬಿಡಲು, ಬಿಸಿ ಆರಿ ಒತ್ತಡ ಇಳಿದ ಮೇಲೆಯೇ ಬಿರಡೆ ಬಿಚ್ಚಬೇಕು. ಕೆಲವು ಮಾದರಿಗಳಲ್ಲಿ ಬಿರಡೆಯ ಜೊತೆಗೇ ಆನೋಡ್ ಸರಳು ಹೊರಬರುತ್ತದೆ: ಉಕ್ಕಿನ ತೊಟ್ಟಿಗೆ ತುಕ್ಕು ಹಿಡಿಯದಿರಲೆಂದು ತಾನೇ ಸವೆಯುವ ಲೋಹ. ಇಂಥ ತ್ಯಾಗಿಯ ಮೇಲೆ ಒಂದು ಸ್ತೋತ್ರವೂ ಇಲ್ಲದಿರುವುದು ಸಾಹಿತ್ಯದ ಕೊರತೆಯೇ ಸರಿ.

ಗುಲಾಬಿ ಬಾಟಲಿಯ ಮೇಲೆ ಮೈನಸ್ 50 ಫ್ಯಾರನ್‌ಹೀಟ್ ಎಂಬ ಶ್ರುತಿವಾಕ್ಯ ಉಂಟು. ಅದು ಪೈಪು ಒಡೆಯದೆಂಬ ಅಭಯವೇ ಹೊರತು ದ್ರವ ಗಟ್ಟಿಯಾಗದೆಂಬ ಮಾತಲ್ಲ. ಆ ತಾಪಮಾನಕ್ಕೆ ಬಹಳ ಮೊದಲೇ ದ್ರವ ಗಂಜಿಯಾಗಿರುತ್ತದೆ. 1996ರ ಫೆಬ್ರವರಿ 2ರಂದು ಇದೇ ರಾಜ್ಯದ ಟವರ್ ಎಂಬ ಊರಿನ ಬಳಿ ಮೈನಸ್ 60 ದಾಖಲಾಯಿತು. ಅಂದು ಶ್ರುತಿಯೂ ಪ್ರಮಾಣವಾಗಲಿಲ್ಲ.

ಪಂಥಗಳ ಒಳಗುಟ್ಟು ಸಿಂಕಿನ ಕೆಳಗಿದೆ. ಅಲ್ಲಿನ ಬಾಗಿದ ಟ್ರ್ಯಾಪ್‌ನಲ್ಲಿ ನಿಂತ ನೀರಿಗೆ ನಲ್ಲಿಯ ಪೈಪಿನಲ್ಲಿ ಊದಿದ ಗಾಳಿ ಏನೂ ಮಾಡಲಾರದು. ಹೀಗಾಗಿ ಕಟ್ಟಾ ವಾಯುವಾದಿಯೂ ಟ್ರ್ಯಾಪಿಗೆ ಸುರಿಯಲು ಒಂದು ಗುಲಾಬಿ ಬಾಟಲಿಯನ್ನು ಕದ್ದುಮುಚ್ಚಿ ತರುತ್ತಾನೆ.

ಕ್ಯಾಂಪರ್ ಉಳ್ಳ ಓದುಗರು ಯಾವ ಪಂಥಕ್ಕಾದರೂ ಸೇರಲಿ. ಎಲ್ಲರೂ ಮರೆಯುವ ಹೊರಗೋಡೆಯ ಶವರಿನ ಎರಡೂ ನಲ್ಲಿಗಳನ್ನು ಮೊದಲು ಹೋಗಿ ತೆರೆದು ನೋಡಬೇಕೆಂದು ವಿನಂತಿ.