ಶುಕ್ರವಾರ ಯಾವ ದ್ವೀಪ?

ವೆಸ್ಟ್ ಇಂಡೀಸ್ ಎಂಬ ಹೆಸರಿನ ದೇಶವೇ ಇಲ್ಲ ಎಂಬ ಸಂಗತಿ ಕ್ರಿಕೆಟ್ ಕಾಮೆಂಟರಿ ಕೇಳುತ್ತ ಬೆಳೆದವರ ತಲೆಗೆ ಬೇಗ ಇಳಿಯುವುದಿಲ್ಲ. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ನಮ್ಮ ಜಿ. ಆರ್. ವಿಶ್ವನಾಥ್ 112 ರನ್ ಹೊಡೆದು, ಭಾರತ 403ರ ಗುರಿಯನ್ನು ಮುಟ್ಟಿ ಗೆದ್ದಾಗ, ಆ ಊರು ಯಾವ ದ್ವೀಪದಲ್ಲಿದೆ ಎಂದು ನಮ್ಮ ಬೀದಿಯಲ್ಲಿ ಯಾರೂ ಕೇಳಲಿಲ್ಲ. ಬಾರ್ಬಡೋಸ್, ಟ್ರಿನಿಡಾಡ್, ಆಂಟಿಗುವಾ ಎಲ್ಲ ಒಂದೇ ಊರಿನ ಬೇರೆ ಬೇರೆ ಬಡಾವಣೆ, ನಡುವೆ ಸಿಟಿ ಬಸ್ ಓಡಾಡುತ್ತಿರಬೇಕು ಎಂದುಕೊಂಡಿದ್ದೆವು. ಹಾಯಿದೋಣಿಯಲ್ಲಿ ಹೋದವನಿಗೆ ಈ ಭ್ರಮೆ ಒಂದೇ ಹಗಲಿನಲ್ಲಿ ಬಿಡುತ್ತದೆ. ಬೆಳಿಗ್ಗೆ ಸೇಂಟ್ ಲೂಸಿಯಾ ಬಿಟ್ಟು ಸಂಜೆಯೊಳಗೆ ಸೇಂಟ್ ವಿನ್ಸೆಂಟ್ ಸೇರಿದರೆ ಅದು ಪರದೇಶ. ಹಳದಿ ಬಾವುಟ ಏರಿಸಬೇಕು. ಕ್ಯಾಪ್ಟನ್ ಎಲ್ಲರ ಪಾಸ್‌ಪೋರ್ಟುಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಕಸ್ಟಮ್ಸ್ ಕಚೇರಿಯ ಮುಂದೆ ನಿಲ್ಲಬೇಕು. ಆತ ವಾಪಸ್ ಬರುವವರೆಗೆ ಉಳಿದವರು ದೋಣಿಯಲ್ಲೇ ಕೂತು ದಡವನ್ನು ನೋಡುತ್ತಿರಬೇಕು. ಹನ್ನೊಂದು ಜನ ಒಂದೇ ಟೋಪಿ ಹಾಕಿಕೊಂಡು ಆಡುವುದನ್ನು ಟಿವಿಯಲ್ಲಿ ನೋಡಿದವರಿಗೆ ಈ ಕಾಗದಪತ್ರ ತೀರಾ ಹೊಸದು.

ನನ್ನನ್ನು ಇದಕ್ಕೆ ಎಳೆದವನು ನ್ಯೂಜೆರ್ಸಿಯಲ್ಲಿರುವ ಭಾಮೈದ. ಅವನೂ ಅಲ್ಲಿನ ಕನ್ನಡ ಗೆಳೆಯರೂ ಸೇರಿ ಕ್ಯಾಟಮರಾನ್ ಒಂದನ್ನು ಬಾಡಿಗೆಗೆ ಹಿಡಿಯುವ ಯೋಜನೆ ಹಾಕಿದ್ದರು. ಕ್ಯಾಟಮರಾನ್ ಎಂದರೆ ಎರಡು ಒಡಲಿನ ಅಗಲವಾದ ದೋಣಿ. ಅಷ್ಟಾಗಿ ಹೊರಳಾಡುವುದಿಲ್ಲವಾದ್ದರಿಂದ ಹೆಂಗಸರೂ ಹೊಟ್ಟೆ ತೊಳಸುವ ಗಂಡಸರೂ ಒಪ್ಪುತ್ತಾರೆ. "ಭಾವ, ಬೀಚು ಎಲ್ಲಾ ಕಡೆ ಒಂದೇ ಥರ ಇರುತ್ತೆ. ರಾತ್ರಿ ಗಮ್ಮತ್ತು ಇರೋ ದ್ವೀಪ ಯಾವುದು, ಹಬ್ಬ ಯಾವಾಗ, ಅದನ್ನ ನೀವು ಸ್ವಲ್ಪ ಓದಿ ಹೇಳಿ" ಎಂದ. ನಿವೃತ್ತರಾದವರಿಗೆ ಓದುವ ಕೆಲಸ ಹಂಚುವುದು ನಮ್ಮ ಕುಟುಂಬದ ಹಳೆಯ ಪದ್ಧತಿ. ಮದುವೆಯ ಮುಹೂರ್ತದಿಂದ ಹಿಡಿದು ಮಿಕ್ಸಿಯ ಗ್ಯಾರಂಟಿ ಕಾರ್ಡಿನವರೆಗೆ ನನ್ನದೇ ಪಾಂಡಿತ್ಯ.

ಓದುತ್ತ ಹೋದ ಹಾಗೆ ಪ್ರಶ್ನೆಯೇ ತಪ್ಪು ಎನ್ನಿಸಿತು. ಆರಿಸಬೇಕಾದದ್ದು ದ್ವೀಪವನ್ನಲ್ಲ, ವಾರವನ್ನು. ನಮ್ಮ ಕಡೆ ಸೋಮವಾರ ಒಂದೂರಿನ ಸಂತೆ, ಬುಧವಾರ ಇನ್ನೊಂದೂರಿನದು ಇರುತ್ತದಲ್ಲ, ಹಾಗೆ ಈ ದ್ವೀಪಗಳ ರಾತ್ರಿಗಳೂ ವಾರಕ್ಕೆ ಕಟ್ಟುಬಿದ್ದಿವೆ. ಸೇಂಟ್ ಲೂಸಿಯಾದ ಗ್ರೋ ಐಲೆಟ್ ಎಂಬ ಮೀನುಗಾರರ ಊರಿನಲ್ಲಿ ಕುಣಿತ ಇರುವುದು ಶುಕ್ರವಾರ. ಆಂಟಿಗುವಾದ ಶರ್ಲಿ ಹೈಟ್ಸ್ ಗುಡ್ಡದ ಮೇಲೆ ಸ್ಟೀಲ್ ಬ್ಯಾಂಡ್ ಸೇರುವುದಕ್ಕೆ ಹೆಸರಾದದ್ದು ಭಾನುವಾರ. ಡೊಮಿನಿಕಾದ ಪೋರ್ಟ್ಸ್‌ಮತ್ ಕೊಲ್ಲಿಯಲ್ಲಿ ದೋಣಿಗಳನ್ನು ಕಾಯುವ ಹುಡುಗರ ಸಂಘವೇ ದಡದ ಮೇಲೆ ಒಲೆ ಹಚ್ಚಿ ಮೀನು ಸುಟ್ಟು ಬಡಿಸುವುದೂ ಭಾನುವಾರ. ಬ್ರಿಟಿಷ್ ವರ್ಜಿನ್ ದ್ವೀಪಗಳ ಟ್ರೆಲಿಸ್ ಕೊಲ್ಲಿಯವರು ಮಾತ್ರ ನಮ್ಮ ಹಾಗೆ ಪಂಚಾಂಗ ನೋಡುವ ಜನ. ಅವರದು ಹುಣ್ಣಿಮೆ. ಚಿತ್ರ ಕೊರೆದ ಕಬ್ಬಿಣದ ದೊಡ್ಡ ಗೋಳಗಳಲ್ಲಿ ಸೌದೆ ತುಂಬಿ, ನೀರಿನಲ್ಲೇ ನಿಲ್ಲಿಸಿ ಬೆಂಕಿ ಹಚ್ಚುತ್ತಾರೆ. ಮಂಗಳವಾರ ಇವುಗಳಲ್ಲಿ ಯಾವ ಊರಿಗೆ ಹೋದರೂ ನಾಯಿಗಳು ರಸ್ತೆಯ ನಡುವೆ ಮಲಗಿರುತ್ತವೆ. "ಆ ದ್ವೀಪದಲ್ಲಿ ಏನೂ ಇಲ್ಲ" ಎಂದು ಹೇಳುವವರೆಲ್ಲ ಮಂಗಳವಾರ ಹೋದವರೇ ಇರಬೇಕು.

ಬಾರ್ಬಡೋಸಿನ ಆಯ್‌ಸ್ಟಿನ್ಸ್‌ನಲ್ಲಿಯೂ ಶುಕ್ರವಾರವೇ ಮೀನಿನ ಜಾತ್ರೆ. ಆದರೆ ಆ ದ್ವೀಪ ಉಳಿದವುಗಳ ಸಾಲು ಬಿಟ್ಟು ಸುಮಾರು ನೂರು ಮೈಲಿ ಪೂರ್ವಕ್ಕೆ ಒಂಟಿಯಾಗಿ ಕೂತಿದೆ. ಗಾಳಿ ಬೀಸುವುದೂ ಪೂರ್ವದಿಂದಲೇ. ಎದುರುಗಾಳಿಯಲ್ಲಿ ಅಷ್ಟು ದೂರ ಹಾಯಿ ಎಳೆಯುವ ಉತ್ಸಾಹ ರಜೆಗೆ ಬಂದವರಿಗೆ ಇರುವುದಿಲ್ಲ. ಹೀಗಾಗಿ ನಮ್ಮ ಶುಕ್ರವಾರ ಗ್ರೋ ಐಲೆಟ್‌ಗೆ ಮೀಸಲಾಯಿತು.

ಅಲ್ಲಿಗೆ ಪಕ್ಕದ ರಾಡ್ನಿ ಬೇಯಲ್ಲಿ ದೋಣಿ ನಿಲ್ಲಿಸಿ ಹೋಗಬೇಕು. ಸಂಜೆ ರಸ್ತೆ ಬಂದ್ ಮಾಡಿ, ಅರ್ಧ ಕೊಯ್ದ ಪೀಪಾಯಿಗಳಲ್ಲಿ ಇದ್ದಿಲು ಹಚ್ಚಿ, ಕೋಳಿ, ಮೀನು, ಶಂಖದ ಹುಳುವಿನ ಮಾಂಸ ಎಲ್ಲ ಸುಡಲು ಶುರು ಮಾಡುತ್ತಾರೆ. ಮೂಲೆಯಲ್ಲಿ ಒಂದಾಳೆತ್ತರದ ಸ್ಪೀಕರುಗಳು. ಅಜ್ಜಿಯರು ಮನೆ ಮುಂದೆ ಕುರ್ಚಿ ಹಾಕಿಕೊಂಡು, ಪ್ರವಾಸಿಗರು ಸೊಂಟ ತಿರುಗಿಸಲು ಪಡುವ ಪಾಡನ್ನು ಸಿನಿಮಾ ನೋಡಿದ ಹಾಗೆ ನೋಡುತ್ತಾರೆ. ನಮ್ಮ ತಂಡದಲ್ಲಿ ಸಸ್ಯಾಹಾರಿಗಳು ಜಾಸ್ತಿ ಇದ್ದದ್ದರಿಂದ ಊಟದ ಚಿಂತೆ ಇತ್ತು. ಅದನ್ನು ತೀರಿಸಿದ್ದು ಸುಟ್ಟ ಜೀಗುಜ್ಜೆ. ಮಂಗಳೂರು ಕಡೆಯ ಗೆಳತಿಯೊಬ್ಬರು ಅದನ್ನು ಕಂಡದ್ದೇ ತಡ, "ಅಯ್ಯೋ, ಇದು ನಮ್ಮ ಮನೆ ಹಿತ್ತಲದ್ದು!" ಎಂದು ಕೂಗಿಬಿಟ್ಟರು. ಪೆಸಿಫಿಕ್‌ನಿಂದ ಅದರ ಸಸಿಗಳನ್ನು ಹೊತ್ತು 1793ರಲ್ಲಿ ಸೇಂಟ್ ವಿನ್ಸೆಂಟಿಗೆ ತಂದವನು ಕ್ಯಾಪ್ಟನ್ ಬ್ಲೈ. ಕಬ್ಬಿನ ತೋಟದ ಗುಲಾಮರಿಗೆ ಅಗ್ಗದ ಊಟ ಬೇಕಿತ್ತು. ಅದಕ್ಕೂ ಮೊದಲು ಇದೇ ಕೆಲಸಕ್ಕೆ ಹೊರಟಾಗ ಅವನ ಬೌಂಟಿ ಹಡಗಿನ ನಾವಿಕರು ದಂಗೆ ಎದ್ದು, ಅವನನ್ನು ಸಣ್ಣ ದೋಣಿಯಲ್ಲಿ ಸಮುದ್ರಕ್ಕೆ ಬಿಟ್ಟಿದ್ದರು. ಇಷ್ಟೆಲ್ಲ ಪಾಡುಪಟ್ಟು ತಂದ ಕಾಯಿಗೆ ನಮ್ಮ ಗೆಳತಿ ಚೀಲದಿಂದ ಚಟ್ನಿಪುಡಿ ತೆಗೆದು ಉದುರಿಸಿದರು. ಅಂಗಡಿಯಾಕೆಯೂ ಒಂದು ಚಿಟಿಕೆ ಕೇಳಿ ಪಡೆದಳು.

ಹಾಯಿದೋಣಿಯವರಿಗೂ ರಾತ್ರಿ ಮೋಜಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಸೂರ್ಯ ಇಳಿದರೆ ನೀರಿನಡಿಯ ಹವಳದ ಬಂಡೆ ಕಾಣುವುದಿಲ್ಲ; ಆದ್ದರಿಂದ ಮಧ್ಯಾಹ್ನ ನಾಲ್ಕರೊಳಗೆ ಲಂಗರು ಹಾಕಿರಬೇಕು. ಕತ್ತಲಾದ ಮೇಲೆ ಹಾಯಿ ಬಿಚ್ಚಕೂಡದು ಎಂದು ಬಾಡಿಗೆ ಕರಾರಿನಲ್ಲೇ ಬರೆದಿರುವುದು ವಾಡಿಕೆ. ಹೊತ್ತು ಮುಳುಗುವುದು ವರ್ಷವಿಡೀ ಹೆಚ್ಚುಕಡಿಮೆ ಆರು ಗಂಟೆಗೆ. ಬಿಸಿಲು, ಉಪ್ಪುಗಾಳಿ, ಹಗ್ಗ ಎಳೆದ ನೋವು ಎಲ್ಲ ಸೇರಿ ಒಂಬತ್ತಕ್ಕೆ ಕಣ್ಣು ಕೂಡುತ್ತವೆ. ಅಲ್ಲಿನ ದೋಣಿಯವರು ಒಂಬತ್ತು ಗಂಟೆಯನ್ನೇ ನಾವಿಕರ ನಡುರಾತ್ರಿ ಎಂದು ಕರೆಯುತ್ತಾರೆ. ದಡದ ಮೇಲಿನ ಡಿಜೆ ಸ್ಪೀಕರಿಗೆ ವೈರ್ ಸಿಕ್ಕಿಸುವುದು ಹತ್ತಕ್ಕೆ.

ಹಾಗೆಂದು ಮಲಗಿದವರಿಗೆ ಮೋಜು ತಪ್ಪುತ್ತದೆಯೇ? ಇಲ್ಲ. ಪೂರ್ವದ ಗಾಳಿಗೆ ದ್ವೀಪವೇ ಅಡ್ಡ ನಿಲ್ಲಲಿ ಎಂದು ದೋಣಿಗಳೆಲ್ಲ ಪಶ್ಚಿಮದ ಕೊಲ್ಲಿಗಳಲ್ಲಿ ತಂಗುತ್ತವೆ. ಬಾರುಗಳೂ ಅಲ್ಲೇ. ಗಾಳಿ ಬಾರಿನ ಕಡೆಯಿಂದ ದೋಣಿಯ ಕಡೆಗೆ ಬೀಸುತ್ತದೆ. ಹಣ ಕೊಟ್ಟು ಒಳಗೆ ನಿಂತವನಿಗೆ ಎಷ್ಟು ಕೇಳಿಸುತ್ತದೋ ಕಾಣೆ, ಇನ್ನೂರು ಮೀಟರ್ ದೂರದಲ್ಲಿ ಮುಸುಕು ಹೊದ್ದವನಿಗೆ ಸೋಕಾ ಸಂಗೀತದ ಪ್ರತಿಯೊಂದು ಗುದ್ದೂ ಪಕ್ಕೆಲುಬಿಗೆ ತಲುಪುತ್ತದೆ. ನನ್ನ ಹೆಂಡತಿ ಹಾಸಿಗೆಯಲ್ಲಿ ಎದ್ದು ಕೂತು, "ಇದಕ್ಕಿಂತ ನಾವೂ ಹೋಗಿ ಕುಣಿದಿದ್ದರೆ ನಿದ್ದೆಯಾದರೂ ಬರುತ್ತಿತ್ತು" ಎಂದಳು. ಇದಕ್ಕೆ ಎದುರು ವಾದ ನನಗೆ ಇನ್ನೂ ಹೊಳೆದಿಲ್ಲ.

ಕುಣಿಯಲು ಹೋದವರ ಕಷ್ಟ ಬೇರೆ. ನಡುರಾತ್ರಿ ಡಿಂಗಿ ಎಂಬ ಪುಟ್ಟ ದೋಣಿ ಏರಿ ವಾಪಸ್ ಹೊರಟರೆ ಕೊಲ್ಲಿಯ ತುಂಬ ಒಂದೇ ಬಣ್ಣದ, ಒಂದೇ ಅಳತೆಯ ಬಾಡಿಗೆ ಕ್ಯಾಟಮರಾನುಗಳು. ಪ್ರತಿಯೊಂದರ ಕಂಬದ ತುದಿಯಲ್ಲೂ ಒಂದೊಂದು ಬಿಳಿ ದೀಪ. ಭಾಮೈದನ ಹೆಂಡತಿ ಮುಂದಾಲೋಚನೆಯವಳು. ದೀಪಾವಳಿಯ ಬ್ಯಾಟರಿ ಸೀರಿಯಲ್ ಸೆಟ್ಟನ್ನು ತಂದು ಹಿಂದಿನ ಕಟಕಟೆಗೆ ಸುತ್ತಿದ್ದಳು. ಕೆಂಪು, ಹಸಿರು, ಹಳದಿ ಮಿಣಮಿಣ ಎನ್ನುತ್ತಿದ್ದ ನಮ್ಮ ದೋಣಿಯನ್ನು ಇನ್ನೊಂದು ತೇಲುವ ಬಾರ್ ಎಂದುಕೊಂಡು ಫ್ರೆಂಚ್ ಜೋಡಿಯೊಂದು ಹತ್ತಿಯೇಬಿಟ್ಟಿತು. ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದೆವು.

ತೇಲುವ ಬಾರ್ ನಿಜಕ್ಕೂ ಇದೆ. ಬ್ರಿಟಿಷ್ ವರ್ಜಿನ್ ದ್ವೀಪಗಳ ನಾರ್ಮನ್ ಐಲೆಂಡ್ ಬಳಿ ವಿಲ್ಲಿ ಟಿ ಎಂಬ ಹೆಸರಿನದು. ರಾತ್ರಿಯ ಮೋಜೇ ಗುರಿಯಾದರೆ ಆ ದ್ವೀಪಗಳು ಸಲೀಸು. ಒಂದರಿಂದ ಇನ್ನೊಂದು ಕಣ್ಣಳತೆಯಲ್ಲಿ, ದೇಶವೂ ಒಂದೇ, ಅರ್ಜಿಯೂ ಒಂದೇ ಸಲ. ಯೋಸ್ಟ್ ವಾನ್ ಡೈಕ್‌ನ ಜನಸಂಖ್ಯೆ ನಮ್ಮ ಒಂದು ಅಪಾರ್ಟ್‌ಮೆಂಟಿನಷ್ಟಿದೆ, ಹೆಚ್ಚೆಂದರೆ ಮುನ್ನೂರು. ಡಿಸೆಂಬರ್ 31ರ ರಾತ್ರಿ ಅಲ್ಲಿನ ಫಾಕ್ಸೀಸ್ ಬಾರಿಗೆ ಸಾವಿರಗಟ್ಟಲೆ ಜನ ನೀರಿನ ದಾರಿಯಲ್ಲಿ ಬಂದಿಳಿಯುತ್ತಾರೆ. ಅದೇ ದ್ವೀಪದ ಸಾಗಿ ಡಾಲರ್ ಬಾರಿಗೆ ದೋಣಿಕಟ್ಟೆಯೇ ಇರಲಿಲ್ಲ. ಗಿರಾಕಿಗಳು ಈಜಿ ಬರುತ್ತಿದ್ದರು, ಒದ್ದೆ ನೋಟು ಕೊಡುತ್ತಿದ್ದರು, ಹೆಸರು ಹಾಗೇ ಬಂತು. ಇದೆಲ್ಲ ಚೆಂದವೇ. ಆದರೆ ಅಲ್ಲಿ ಕುಣಿಯುವವರಲ್ಲಿ ಮುಕ್ಕಾಲು ಪಾಲು ದೋಣಿಯಿಂದ ಇಳಿದವರು. ನ್ಯೂಜೆರ್ಸಿಯವರು ಅಷ್ಟು ದೂರ ಹೋಗಿ ನ್ಯೂಜೆರ್ಸಿಯವರನ್ನೇ ಕಂಡು ಬರುವುದರಲ್ಲಿ ನನಗೆ ಸ್ವಾರಸ್ಯ ಕಾಣಲಿಲ್ಲ. ಸೇಂಟ್ ಬಾರ್ಟ್ಸ್‌ನ ಹೊಸ ವರ್ಷವನ್ನು ಪಟ್ಟಿಗೇ ಸೇರಿಸಲಿಲ್ಲ. ಅಲ್ಲಿ ಲಂಗರು ಹಾಕುವ ಕೋಟ್ಯಧಿಪತಿಗಳ ಹಡಗಿನ ನೆರಳಿಗೂ ಬಾಡಿಗೆ ಇರಬಹುದು.

ಹಬ್ಬದ ಮಾತು ಬೇರೆ. ಹಬ್ಬ ಊರಿನವರದು, ಅವರು ನಮಗಾಗಿ ಅದನ್ನು ಮಾಡುವುದಿಲ್ಲ. ತೊಡಕಿರುವುದೂ ಅಲ್ಲೇ. ಹಾಯಿದೋಣಿಯ ಕಾಲ ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಇಲ್ಲಿನ ದೊಡ್ಡ ಕಾರ್ನಿವಲ್‌ಗಳು ಅನೇಕ ಬೀಳುವುದು ಜುಲೈ, ಆಗಸ್ಟ್‌ನಲ್ಲಿ. ಯಾರೋ ಬೇಕೆಂದೇ ಪ್ರವಾಸಿಗರನ್ನು ದೂರವಿಡಲು ಹೂಡಿದ ಹಾಗಿದೆ, ಆದರೆ ಕಾರಣ ಇನ್ನೂ ಹಿಂದಿನದು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದದ್ದು 1834ರ ಆಗಸ್ಟ್ 1. ಹೆಚ್ಚಿನ ಕಡೆ ಇನ್ನೂ ನಾಲ್ಕು ವರ್ಷ ತರಬೇತಿಯ ನೆಪದಲ್ಲಿ ದುಡಿಸಿದರು. ಆಂಟಿಗುವಾದಲ್ಲಿ ಹಾಗಲ್ಲ, ಅಂದೇ ಬಿಡುಗಡೆ. ಆಂಟಿಗುವಾ ಇಂದಿಗೂ ಆ ದಿನದ ಸುತ್ತಲೇ ಕುಣಿಯುತ್ತದೆ. ಬಾರ್ಬಡೋಸಿನ ಕ್ರಾಪ್ ಓವರ್ ಕಬ್ಬಿನ ಕಟಾವು ಮುಗಿದ ಸಂಭ್ರಮದಿಂದ ಹುಟ್ಟಿದ್ದು, ಮುಗಿಯುವುದು ಆಗಸ್ಟಿನ ಮೊದಲ ಸೋಮವಾರ. ಸೇಂಟ್ ಲೂಸಿಯಾದವರು ಈಸ್ಟರ್‌ಗೆ ಮುಂಚಿನ ಕಾರ್ನಿವಲ್ಲನ್ನು 1999ರಲ್ಲಿ ಜುಲೈಗೆ ತಂದುಕೊಂಡರು. ಟ್ರಿನಿಡಾಡ್ ಮಾತ್ರ ಹಟ ಬಿಡದೆ ಫೆಬ್ರವರಿ, ಮಾರ್ಚಿನ ಸುಮಾರಿಗೆ, ಉಪವಾಸದ ಬುಧವಾರಕ್ಕೆ ಮೊದಲಿನ ಸೋಮವಾರ, ಮಂಗಳವಾರವೇ ಆಡುತ್ತದೆ.

ಆ ಟ್ರಿನಿಡಾಡಿನ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. 1880ರ ದಶಕದಲ್ಲಿ ಬ್ರಿಟಿಷ್ ಆಡಳಿತ ಡೋಲು ಬಡಿಯುವುದನ್ನು ಕಟ್ಟುಮಾಡಿತು. ಜನ ಬಿದಿರಿನ ತುಂಡುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. ಅದೂ ಪೊಲೀಸರ ಕಣ್ಣಿಗೆ ಬಿತ್ತು. 1930ರ ದಶಕದ ಕೊನೆಗೆ ಬಿಸ್ಕತ್ ಡಬ್ಬ, ಬಣ್ಣದ ಡಬ್ಬ, ಕಸದ ತೊಟ್ಟಿಯ ಮುಚ್ಚಳ ಕೈಗೆ ಬಂದವು. ಯುದ್ಧದ ಹೊತ್ತಿಗೆ ಎಣ್ಣೆ ಪೀಪಾಯಿಗಳು ಬೇಕಾದಷ್ಟು ಸಿಗುತ್ತಿದ್ದವು. ಅವುಗಳ ತಳವನ್ನು ಸುತ್ತಿಗೆಯಲ್ಲಿ ತಗ್ಗಿಸಿ, ಒಂದೊಂದು ಗುಳಿಗೆ ಒಂದೊಂದು ಸ್ವರ ಕೂರಿಸಿದರು. ಇದೇ ಸ್ಟೀಲ್ ಪ್ಯಾನ್. ಅದರ ಜೊತೆ ತಿನ್ನಲು ಡಬಲ್ಸ್ ಎಂಬ ತಿಂಡಿ: ಮೆತ್ತನೆಯ ಎರಡು ಬಡಾ, ನಡುವೆ ಕಾಬೂಲಿ ಕಡಲೆ. 1845ರಲ್ಲಿ ಮೊದಲ ಹಡಗಿನಲ್ಲಿ ಕೂಲಿಗಳಾಗಿ ಹೋಗಿ ಇಳಿದ ಭಾರತೀಯರ ವಂಶದವರ ಅಡುಗೆ ಇದು. ಕಾರ್ನಿವಲ್ ಸೋಮವಾರ ನಸುಕಿನಲ್ಲಿ ಮೈತುಂಬ ಕೆಸರು ಬಳಿದುಕೊಂಡವರು ಬೆಳಗಾದ ಮೇಲೆ ಸಾಲುಗಟ್ಟುವುದು ಇದೇ ಗಾಡಿಯ ಮುಂದೆ.

ಗ್ರೆನಡಾದ ಜನ ಕೆಸರಿಗೂ ತೃಪ್ತರಲ್ಲ. ಆಗಸ್ಟಿನ ಎರಡನೆಯ ವಾರದ ಸುಮಾರಿಗೆ ಬರುವ ಅವರ ಸ್ಪೈಸ್‌ಮಾಸ್‌ನಲ್ಲಿ ಜಾಬ್ ಜಾಬ್ ವೇಷದವರು ಹಳೇ ಎಂಜಿನ್ ಎಣ್ಣೆ ಅಥವಾ ಕಾಕಂಬಿ ಬಳಿದುಕೊಂಡು, ತಲೆಗೆ ಕೊಂಬು ಕಟ್ಟಿ, ಸರಪಳಿ ಎಳೆಯುತ್ತ ಬರುತ್ತಾರೆ. ನಮ್ಮನ್ನು ದೆವ್ವ ಎಂದ ಒಡೆಯರೇ, ನೋಡಿ ದೆವ್ವ ಬಂದಿದೆ ಎನ್ನುವ ಅಣಕ. ಗ್ರೆನಡಾ 12 ಡಿಗ್ರಿ ಅಕ್ಷಾಂಶದಲ್ಲಿದೆ, ಅಷ್ಟು ದಕ್ಷಿಣಕ್ಕೆ ಚಂಡಮಾರುತ ಬರುವುದು ಅಪರೂಪ ಎಂದು ದೋಣಿಯವರು ಮಳೆಗಾಲ ಕಳೆಯಲು ಅಲ್ಲಿಗೇ ಹೋಗುತ್ತಿದ್ದರು. 2004ರಲ್ಲಿ ಐವಾನ್ ಬಂತು. 2024ರ ಜುಲೈ 1ರಂದು ಬೆರಿಲ್ ಬಂದು ಪಕ್ಕದ ಕ್ಯಾರಿಯಾಕೂ ದ್ವೀಪದ ಚಾವಣಿಗಳನ್ನು ಕಿತ್ತೊಯ್ದಿತು. ಊರವರೇ ಕಟ್ಟಿದ ಮರದ ದೋಣಿಗಳು ಪ್ರತಿ ಆಗಸ್ಟಿನಲ್ಲಿ ಪಂದ್ಯ ಕಟ್ಟುವ ದ್ವೀಪ ಅದು, 1965ರಿಂದ ನಡೆದು ಬಂದದ್ದು. ದೋಣಿಯ ಇನ್ಶೂರೆನ್ಸ್‌ನವರಿಗೆ ಹಬ್ಬದ ಕಥೆ ಹೇಳಿ ಪ್ರಯೋಜನವಿಲ್ಲ.

ಕೊನೆಗೆ ಆಂಟಿಗುವಾ. ರಾಜಧಾನಿ ಸೇಂಟ್ ಜಾನ್ಸ್‌ನ ನಡುವೆ ಹಳೆಯ ಕ್ರಿಕೆಟ್ ಮೈದಾನ, ಆಂಟಿಗುವಾ ರಿಕ್ರಿಯೇಷನ್ ಗ್ರೌಂಡ್ ಇದೆ. 2002ರ ಮೇ ತಿಂಗಳಿನಲ್ಲಿ ಅನಿಲ್ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು ಲಾರಾನನ್ನು ಎಲ್‌ಬಿಡಬ್ಲ್ಯೂ ಮಾಡಿದ್ದು ಅಲ್ಲೇ. ಕಾರ್ನಿವಲ್‌ನ ವೇದಿಕೆ ಏಳುವುದೂ ಅಲ್ಲೇ. ನಾವು ಹೋದಾಗ ಹಬ್ಬವೂ ಇರಲಿಲ್ಲ, ಪಂದ್ಯವೂ ಇರಲಿಲ್ಲ. ಆದರೂ ತಂಡದ ಗಂಡಸರೆಲ್ಲ ದವಡೆ ಹಿಡಿದುಕೊಂಡು ಫೋಟೊ ತೆಗೆಸಿಕೊಂಡರು. ಟ್ಯಾಕ್ಸಿಯವನು, ಹಲ್ಲುನೋವಿದ್ದರೆ ಆಸ್ಪತ್ರೆ ಹತ್ತಿರದಲ್ಲೇ ಇದೆ ಎಂದ. ವಿಷಯ ತಿಳಿಸಿದ ಮೇಲೆ, "ಕುಂಬ್ಳೆ!" ಎಂದು ಹಾರನ್ ಬಡಿದ.

ಇನ್ನು ಹೊರಡುವವರು ಯಾರಾದರೂ ಇದ್ದರೆ ನನ್ನ ತೀರ್ಪು ಇಷ್ಟು. ಕ್ರಿಸ್‌ಮಸ್ ಆಸುಪಾಸಿನ ಗಾಳಿ ಬಿರುಸು, ಬೆಲೆ ಇನ್ನೂ ಬಿರುಸು, ಫೆಬ್ರವರಿ ಕಳೆಯಲಿ. ಹಾಯಿದೋಣಿಯೇ ಬೇಕೆಂದರೆ ಆಂಟಿಗುವಾದ ಇಂಗ್ಲಿಷ್ ಹಾರ್ಬರಿಗೆ ಶನಿವಾರ ಸೇರಿ, ಭಾನುವಾರ ಸಂಜೆ ನಾಲ್ಕಕ್ಕೇ ಶರ್ಲಿ ಹೈಟ್ಸ್ ಹತ್ತಿ. ಅಲ್ಲಿ ಸ್ಟೀಲ್ ಬ್ಯಾಂಡ್ ಹೊತ್ತು ಮುಳುಗುವ ಮೊದಲೇ ಶುರುವಾಗುತ್ತದೆ, ಒಂಬತ್ತಕ್ಕೆ ತೂಕಡಿಸುವವರಿಗೂ ನ್ಯಾಯ ಸಿಗುತ್ತದೆ. ಹಬ್ಬವೇ ಬೇಕೆಂದರೆ ದೋಣಿಯ ಆಸೆ ಬಿಟ್ಟು ಆಗಸ್ಟಿನಲ್ಲಿ ವಿಮಾನ ಹತ್ತಿ ಗ್ರೆನಡಾಕ್ಕೆ ಹೋಗಿ. ಉಟ್ಟ ಬಟ್ಟೆ ವಾಪಸ್ ತರುವ ಯೋಚನೆ ಬೇಡ. ಎಂಜಿನ್ ಎಣ್ಣೆ ಯಾವ ಸೋಪಿಗೂ ಹೋಗುವುದಿಲ್ಲ.