ಕೂಗುಮಾರಿ ಮತ್ತು ಕೆಇಬಿ

ಇಂಗ್ಲೆಂಡಿನ ಕನ್ನಡಿಗರ ಮನೆಗಳಲ್ಲಿ ಕೂಗುವ ಯಂತ್ರಗಳು ಎರಡು ಜಾತಿ. ಒಂದು, ಹೊಗೆ ಅಲಾರ್ಮು. ಒಗ್ಗರಣೆಗೆ ಬ್ಯಾಡಗಿ ಮೆಣಸಿನಕಾಯಿ ಬಿದ್ದ ಕೂಡಲೇ ಅದು ಅರಚುತ್ತದೆ, ನಾವು ಟವೆಲ್ ಬೀಸುತ್ತೇವೆ, ಅದು ಸುಮ್ಮನಾಗುತ್ತದೆ. ಯಾರಿಗೂ ಬೇಸರವಿಲ್ಲ. ಇನ್ನೊಂದು, ಕಳ್ಳರ ಅಲಾರ್ಮು. ಅದರ ಮುಂದೆ ಟವೆಲ್ಲಿನ ಆಟ ನಡೆಯದು.

ದೀಪಾವಳಿ ಹತ್ತಿರವಾದರೆ ಸಾಕು, ಇಲ್ಲಿನ ಪೊಲೀಸರು ‘ಏಷ್ಯನ್ ಕುಟುಂಬದವರೇ, ಚಿನ್ನವನ್ನು ಮನೆಯಲ್ಲಿಡಬೇಡಿ’ ಎಂದು ಎಚ್ಚರಿಸತೊಡಗುತ್ತಾರೆ. ನಮ್ಮ ಚಿನ್ನವೆಲ್ಲ ಮೈಸೂರಿನ ಬ್ಯಾಂಕ್ ಲಾಕರಿನಲ್ಲಿದೆ. ಲಾಕರಿನ ಕೀ ಅತ್ತೆಯವರ ಹತ್ತಿರ ಇದೆ. ರೆಡಿಂಗಿನ ನಮ್ಮ ಮನೆಯಲ್ಲಿ ಕದಿಯಲು ಯೋಗ್ಯವಾದದ್ದು ಊರಿಂದ ತಂದ ಗ್ರೈಂಡರ್ ಒಂದೇ. ಅದನ್ನು ಹೊತ್ತೊಯ್ದ ಕಳ್ಳ ಮತ್ತೆ ಸೊಂಟ ನೆಟ್ಟಗೆ ಮಾಡಲಾರ. ಆದರೆ ಇದನ್ನೆಲ್ಲ ಕಳ್ಳರಿಗೆ ತಿಳಿಸುವವರು ಯಾರು? ಅದಕ್ಕೇ, ಮನೆಯ ಜೊತೆ ಬಂದ ಹಳೆಯ ಅಲಾರ್ಮನ್ನು ನಮ್ಮ ಯಜಮಾನರು ತೆಗೆಸದೆ ಉಳಿಸಿಕೊಂಡಿದ್ದರು.

ಅದರ ಸಂಸಾರ ದೊಡ್ಡದು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಪ್ಯಾನೆಲ್ಲು, ಅದರ ಹೊಟ್ಟೆಯಲ್ಲಿ 12 ವೋಲ್ಟಿನ ಬ್ಯಾಟರಿ. ಬಾಗಿಲ ಪಕ್ಕ ಕೋಡ್ ಒತ್ತುವ ಕೀಪ್ಯಾಡು. ಕೋಣೆಗಳ ಮೂಲೆಯಲ್ಲಿ ಮೈಶಾಖ ಕಂಡುಹಿಡಿಯುವ ಸೆನ್ಸರುಗಳು. ಹೊರಗೋಡೆಯ ನೆತ್ತಿಯಲ್ಲಿ ಸೈರನ್ ಡಬ್ಬ, ನೀಲಿ ದೀಪದ ಸಮೇತ.

ಅತ್ತೆ ಮಾವ ಬಂದಿದ್ದ ಅಕ್ಟೋಬರಿನಲ್ಲಿ ಅದು ಬೆಳಗಿನ ಜಾವ 3 ಗಂಟೆಗೆ ಕೂಗಲು ಶುರುಮಾಡಿತು. ಕಳ್ಳನಿಲ್ಲ, ಬೆಕ್ಕಿಲ್ಲ, ಗಾಳಿಯೂ ಇಲ್ಲ. ಇವರು ಕೋಡ್ ಒತ್ತಿದರು. ಒಳಗಿನದು ನಿಂತಿತು, ಹೊರಗಿನದು ನಿಲ್ಲಲಿಲ್ಲ.

ಅಷ್ಟರಲ್ಲಿ ಮಾವನವರು ಮಂಕಿಕ್ಯಾಪ್ ಸಮೇತ ಕೆಳಗಿಳಿದರು. ಅವರು ಕೆಇಬಿಯಲ್ಲಿ ಕೆಲಸಕ್ಕೆ ಸೇರಿ ಕೆಪಿಟಿಸಿಎಲ್‌ನಲ್ಲಿ ನಿವೃತ್ತರಾದವರು. ಕರ್ನಾಟಕದ ವಿದ್ಯುತ್ ಬೋರ್ಡು ನಿಗಮವಾದದ್ದು 1999ರಲ್ಲಿ. ಮಾವನವರ ಬಾಯಲ್ಲಿ ಇನ್ನೂ ಆಗಿಲ್ಲ.

“ಏನೋ ಅದನ್ನ ಮುದ್ದು ಮಾಡ್ತಾ ನಿಂತಿದ್ದೀಯ? ಮೇನ್ ತೆಗಿ!”

ಕೆಟ್ಟ ಯಂತ್ರದ ಮುಂದೆ ನಿಂತ ಯಾವ ಕನ್ನಡಿಗನಿಗಾದರೂ ಮೊದಲು ಹೊಳೆಯುವ ಶಾಸ್ತ್ರ ಇದು. ಮೇನ್ ತೆಗೆದದ್ದಾಯಿತು. ಮನೆ ಕತ್ತಲಾಯಿತು, ಫ್ರಿಜ್ ನಿಟ್ಟುಸಿರಿಟ್ಟಿತು. ಸೈರನ್ನಿನ ಗಂಟಲಿಗೆ ಮಾತ್ರ ಹೊಸ ಹುರುಪು ಬಂತು.

ಇವರು ಮೊಬೈಲಿನ ಬೆಳಕಿನಲ್ಲಿ ಕೈಪಿಡಿ ಹುಡುಕಿ ಓದಿದರು. ಕಳ್ಳ ಮೊದಲು ಮಾಡುವ ಕೆಲಸ ತಂತಿ ಕತ್ತರಿಸುವುದು. ಅದಕ್ಕೇ ಹೊರಗಿನ ಡಬ್ಬದೊಳಗೆ ಅದರದೇ ಬ್ಯಾಟರಿ. ಪ್ಯಾನೆಲ್ಲಿನಿಂದ ಕರೆಂಟ್ ಬರುವುದು ನಿಂತರೆ ‘ತಂತಿ ಕತ್ತರಿಸಿದರು’ ಎಂದು ತಿಳಿದು ಅದು ಸ್ವಂತ ಬಲದಲ್ಲಿ ಕೂಗುತ್ತದೆ. ಮೇನ್ ಹೋದಾಗ ಪ್ಯಾನೆಲ್ಲನ್ನು ಅದರ 12 ವೋಲ್ಟಿನ ಬ್ಯಾಟರಿ ಹಿಡಿದು ನಿಲ್ಲಿಸಬೇಕು. ನಮ್ಮದು ಎಂದೋ ಪ್ರಾಣ ಬಿಟ್ಟಿತ್ತು.

“ಅಂದ್ರೆ ನಾನು ಕಳ್ಳ ಅನ್ನು.”

“ಹಾಗಲ್ಲಪ್ಪ, ಅದಕ್ಕೆ ಹಾಗನಿಸುತ್ತೆ.”

“ಇಡೀ ಸರ್ವೀಸಿನಲ್ಲಿ ಕರೆಂಟ್ ತೆಗೆದರೆ ಜೋರಾಗೋ ಯಂತ್ರ ನೋಡಿಲ್ಲ ಕಣೋ. ಜೋರಾಗ್ತಿದ್ದದ್ದು ಗ್ರಾಹಕರು ಮಾತ್ರ!”

ಮೇನ್ ಮತ್ತೆ ಹಾಕಿದ್ದಾಯಿತು. ಅಲ್ಲಿಂದ ಮುಂದೆ ಮಾವನವರಿಗೂ ಡಬ್ಬಕ್ಕೂ ಮಾನದ ಪ್ರಶ್ನೆ. ಪ್ಯಾನೆಲ್ಲಿನ ಮುಚ್ಚಳ ತೆಗೆದರೆ ಕೂಗಿತು. ಮುಚ್ಚಳದಡಿ ಒಂದು ಪುಟ್ಟ ಸ್ವಿಚ್ಚು, ತೆರೆದವರೆಲ್ಲ ಕಳ್ಳರೆಂಬ ಲೆಕ್ಕ. ಅಂದಾಜಿನ ಕೋಡುಗಳನ್ನು ಒತ್ತಿದರೆ ಕೂಗಿತು. ತಪ್ಪು ಅಂಕಿ ಒತ್ತುವವನೂ ಕಳ್ಳನೇ. ಸೆನ್ಸರಿನ ಮುಖದ ಮೇಲೆ ಜೇಡ ಹರಿದಾಡಿದರೂ ಸಾಕಂತೆ, ಕಣ್ಣಿಗೆ ಅಂಟಿಕೊಂಡ ಜೇಡ ಅದಕ್ಕೆ ಆಳಿನಂತೆ ಕಾಣುತ್ತದೆ. ನನಗೆ ತಿಳಿದದ್ದು ಇಷ್ಟು: ಕಳ್ಳ ಬಂದು ಏನೇನು ಮಾಡಬಹುದೆಂದು ಯಂತ್ರ ಮಾಡಿದವನು ಪಟ್ಟಿ ಹಾಕಿದ್ದಾನೆ, ಆ ಪಟ್ಟಿಯಲ್ಲಿರುವ ಒಂದೊಂದನ್ನೂ ಚಾಚೂ ತಪ್ಪದೆ ಮಾಡುವವರು ಮನೆಯವರು. ಈ ಮನೆಯ ಮೇಲೆ ಒಬ್ಬ ಕಳ್ಳನ ನೆರಳೂ ಬಿದ್ದಿಲ್ಲ. ಸಂಶಯವೆಲ್ಲ ಬಾಡಿಗೆ ಕೇಳದೆ ಸಾಕಿದ ನಮ್ಮ ಮೇಲೆಯೇ.

ಅತ್ತೆಯವರ ಚಿಂತೆ ಬೇರೆ. ಬಾಗಿಲು ತೆರೆದು ಬೀದಿಯ ಎರಡೂ ಕಡೆ ನೋಡಿ ಬಂದರು. “ಇಷ್ಟು ಕೂಗಿದರೂ ‘ಏನಾಯ್ತ್ರೀ’ ಅಂತ ಒಂದು ನರಪಿಳ್ಳೆ ಬರಲಿಲ್ಲವಲ್ಲಮ್ಮ! ನಮ್ಮ ಬೀದಿಯಲ್ಲಿ ಒಂದು ಪಾತ್ರೆ ಬಿದ್ದರೆ ನಾಲ್ಕು ಜನ ಬರ್ತಾರೆ.”

ಬರೀ ಸೈರನ್ ಕೂಗಿತೆಂದು ಇಲ್ಲಿ ಪೊಲೀಸರು ಓಡಿ ಬರುವುದಿಲ್ಲ. ಕಳ್ಳನನ್ನು ಕಂಡವರು ಯಾರಾದರೂ ಫೋನ್ ಮಾಡಿ ಹೇಳಬೇಕು. ಆದರೆ 2005ರ ಒಂದು ಕಾಯಿದೆಯಿದೆ: ಅಲಾರ್ಮು ಒಂದೇ ಸಮನೆ 20 ನಿಮಿಷ ಮೀರಿ ಕೂಗಿದರೆ, ಅಥವಾ ಬಿಟ್ಟು ಬಿಟ್ಟು 1 ಗಂಟೆ ಮೀರಿ ಕೂಗಿ ಅಕ್ಕಪಕ್ಕದವರಿಗೆ ಕಾಟವಾದರೆ, ಕೌನ್ಸಿಲ್‌ನವರು ಬಂದು ಬಾಯಿ ಮುಚ್ಚಿಸಬಹುದು. ಇದನ್ನು ವಿವರಿಸಿದಾಗ ಅತ್ತೆ, “ಕಳ್ಳ ಬಂದರೆ ಬರೋಲ್ಲ, ಸದ್ದಾದರೆ ಬರ್ತಾರೆ. ಚೆನ್ನಾಗಿದೆ ಸರ್ಕಾರ” ಎಂದರು. ಡಬ್ಬಕ್ಕೂ ಕಾಯಿದೆ ಗೊತ್ತಿತ್ತೋ ಏನೋ, ಅಷ್ಟರಲ್ಲಿ ತಾನಾಗಿ ನಿಂತಿತು.

ಬೆಳಿಗ್ಗೆ ಒಂದೇ ಗೋಡೆ ಹಂಚಿಕೊಂಡಿರುವ ಪಕ್ಕದ ಮನೆಯ ಅಜ್ಜಿ ಬೇಲಿಯ ಆಚೆಯಿಂದ, “ರಾತ್ರಿ ಏನೋ ಸಣ್ಣ ಸದ್ದು ಕೇಳಿದ ಹಾಗಾಯಿತು. ಎಲ್ಲ ಕ್ಷೇಮ ತಾನೆ?” ಎಂದರು. ನೂರು ಡೆಸಿಬಲ್ ಮೀರುವ ಸೈರನ್ನನ್ನು ಸಣ್ಣ ಸದ್ದು ಎನ್ನಲು ಬೇಕಾದ ಸಂಸ್ಕಾರ ಒಂದೆರಡು ತಲೆಮಾರಿನಲ್ಲಿ ಬರುವಂಥದ್ದಲ್ಲ.

ಡಬ್ಬ ಮರುದಿನವೂ ಕೂಗಿತು. ಅತ್ತೆ ಅದಕ್ಕೆ ‘ಕೂಗುಮಾರಿ’ ಎಂದು ನಾಮಕರಣ ಮಾಡಿದರು. ಕೂಗುಮಾರಿಗೆ ಮದ್ದು ಅವರಿಗೆ ಗೊತ್ತು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಎಷ್ಟೋ ಬಾಗಿಲುಗಳ ಮೇಲೆ ಬರೆದಿರುತ್ತಿದ್ದ ಎರಡು ಪದ: ‘ನಾಳೆ ಬಾ’. ರಾತ್ರಿ ಹೆಸರು ಹಿಡಿದು ಕೂಗುತ್ತಾ ಬರುವ ಮಾರಿ ಅದನ್ನೋದಿ ಹಿಂದಿರುಗಬೇಕು. ಮರುದಿನ ಬಂದು ಮತ್ತೆ ಅದನ್ನೇ ಓದಬೇಕು. ಬ್ಯಾಟರಿ ಬೇಡ, ಕೋಡ್ ಬೇಡ. ಅತ್ತೆ ಮೊಮ್ಮಗಳ ಸೀಮೆಸುಣ್ಣದಿಂದ ಮುಂಬಾಗಿಲ ಮೇಲೆ ದುಂಡಗೆ ಬರೆದೇಬಿಟ್ಟರು.

ಇತ್ತ ಇವರು ರಿಪೇರಿಯವರಿಗೆ ಫೋನ್ ಮಾಡಿದರು. “ಇವತ್ತು ಎಂಜಿನಿಯರ್ ಬಿಡುವಾಗಿಲ್ಲ, ನಾಳೆ ಬರುತ್ತಾರೆ.” ನಾಳೆ ಬಂತು, ಎಂಜಿನಿಯರ್ ಬರಲಿಲ್ಲ. ಮತ್ತೆ ಫೋನು, ಮತ್ತೆ ನಾಳೆ. ಕೂಗುಮಾರಿ ಮಾತ್ರ ಹೊತ್ತಿಗೆ ಸರಿಯಾಗಿ ಬಂದು ಕೂಗಿ ಹೋಗುತ್ತಿತ್ತು.

“ನಾನು ಬರೆದದ್ದು ಮಾರಿಗೆ. ಇವನ್ಯಾಕೆ ಪಾಲಿಸ್ತಿದ್ದಾನೆ?” ಎಂದರು ಅತ್ತೆ. ಒದ್ದೆಬಟ್ಟೆ ತಂದು ಬಾಗಿಲು ಒರೆಸಿದರು. ಮಧ್ಯಾಹ್ನ ಎಂಜಿನಿಯರ್ ಏಣಿ ಸಮೇತ ಬಾಗಿಲಲ್ಲಿ ನಿಂತಿದ್ದ.

ಅವನು ಮಾಡಿದ್ದು ಸರಳ. ಪ್ಯಾನೆಲ್ಲನ್ನು ‘ಎಂಜಿನಿಯರ್ ಮೋಡ್’ಗೆ ಹಾಕಿದ. ಆಗ ಮುಚ್ಚಳ ತೆರೆದರೂ ಅದು ಕಳ್ಳನೆನ್ನುವುದಿಲ್ಲ. ಒಳಗಿನ ಬ್ಯಾಟರಿ ಬದಲಿಸಿದ. ಏಣಿ ಹತ್ತಿ ಡಬ್ಬ ಬಿಚ್ಚಿದ. ಅದರ ಬ್ಯಾಟರಿ ಮುದಿಯಾಗಿತ್ತು, ಮಳೆನೀರು ಇಳಿದು ತಂತಿಯ ತುದಿಗಳು ಹಸಿರುಗಟ್ಟಿದ್ದವು. ಮಾವನವರು ಕೆಳಗಿನಿಂದ ಏಣಿ ಹಿಡಿದು, “ಲೂಸ್ ಕನೆಕ್ಷನ್. ನಾನು ಮೊದಲೇ ಅಂದುಕೊಂಡೆ” ಎಂದು ಕನ್ನಡದಲ್ಲೇ ವರದಿ ಕೊಟ್ಟರು.

ಬಿಲ್ ನೋಡಿ ಮಾವನವರು ಪೌಂಡನ್ನು ರೂಪಾಯಿ ಮಾಡಿ ಕುರ್ಚಿ ಹಿಡಿದುಕೊಂಡರು. ಎಂಜಿನಿಯರ್ ನಗುತ್ತಾ, ಈ ಬ್ಯಾಟರಿಗಳು ಕೆಲವು ವರ್ಷ ಬಂದಾವು, ಆದರೆ ವರ್ಷವರ್ಷ ಬಂದು ನೋಡುವ ಸರ್ವೀಸ್ ಕಾಂಟ್ರಾಕ್ಟ್ ಮಾಡಿಸಿದರೆ ಕ್ಷೇಮ, ಈಗಲೇ ಸಹಿ ಹಾಕಿದರೆ ರಿಯಾಯಿತಿ ಎಂದು ಕಾಗದ ಮುಂದಿಟ್ಟ.

“ಏನಂತೆ?” ಎಂದು ಮಾವನವರು ಕೇಳಿದರು. ಇವರು ಹೇಳಿದರು.

ಮಾವನವರು ಅತ್ತೆಯ ಕಡೆ ತಿರುಗಿದರು. “ಆ ಸೀಮೆಸುಣ್ಣ ಎಲ್ಲಿಟ್ಟೆ?”