ಒಂಟಿ ಕೀ ಸಾವ್ಕಾರ್ರು

ಹಳೇ ಕಾರು ಕೊಳ್ಳುವಾಗ ಟೈರಿಗೆ ಒದ್ದು ನೋಡುವವರು, ಬಾನೆಟ್ ಎತ್ತಿಸಿ ಏನೂ ತಿಳಿಯದೆ "ಹ್ಞೂಂ" ಎನ್ನುವವರು, ಬಾಗಿಲು ನಾಲ್ಕು ಸಲ ಬಡಿದು ಸದ್ದು ಕೇಳುವವರು ಎಲ್ಲ ಊರಲ್ಲೂ ಇದ್ದಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ನಮ್ಮ ಸಾವ್ಕಾರ್ರು ಈ ಮೂರನ್ನೂ ಮಾಡುತ್ತಾರೆ. ಬಿಡುವುದು ಒಂದನ್ನೇ: ಎರಡನೇ ಕೀ ಎಲ್ಲಿ ಎಂದು ಕೇಳುವುದನ್ನು.

ಯಾರಾದರೂ ಪಕ್ಕದಲ್ಲಿ ನಿಂತು ನೆನಪಿಸಿದರೆ ಬ್ರೋಕರ್ ಬಳಿ ಉತ್ತರ ಸಿದ್ಧವಿರುತ್ತದೆ. "ಓನರ್ ಮನ್ಯಾಗ ಐತ್ರೀ ಅಣ್ಣ, ಸೋಮವಾರ ತಂದ್ಕೊಡ್ತೀನಿ." ಯಾವ ಸೋಮವಾರ ಎಂದು ಅವನು ಹೇಳುವುದಿಲ್ಲ, ಇವರು ಕೇಳುವುದಿಲ್ಲ. ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಇಡೀ ತಾಲ್ಲೂಕೇ ಇಷ್ಟು ಓಡಾಡಿರುವಾಗ ಪಕ್ಕದ ಓಣಿಯಿಂದ ಒಂದು ಕೀ ಬರಲಾರದು. ಮೂರು ಕೈ ದಾಟಿ ಬಂದ ಕಾರು ಮೂವರಿಗೂ ಒಂದೇ ಕೀಯಲ್ಲಿ ಸಂಸಾರ ಮಾಡಿರುತ್ತದೆ.

ಮೆಕ್ಕೆಜೋಳದ ದುಡ್ಡು ಕೈಗೆ ಬಂದ ವರ್ಷ ಕಾರು ಕೊಂಡ ಈ ಸಾವ್ಕಾರ್ರು ಜಿಪುಣರಲ್ಲ. ಸೀಟಿಗೆ ಹೊಸ ಕವರ್, ಹಿಂದಿನ ಗಾಜಿಗೆ ಕೊಟ್ಟೂರೇಶ್ವರನ ಹೆಸರು, ಕನ್ನಡಿಗೆ ನಿಂಬೆಹಣ್ಣು ಮೆಣಸಿನಕಾಯಿ, ಎಲ್ಲಕ್ಕೂ ಬಿಚ್ಚುಗೈಯಿಂದ ಖರ್ಚು ಮಾಡುತ್ತಾರೆ. ಮನೆಯ ಬೀರುವಿಗೆ ಮೂರು ಕೀ ಮಾಡಿಸಿ ಒಂದನ್ನು ದೇವರ ಗೂಡಿನಲ್ಲಿ ಇಟ್ಟಿದ್ದಾರೆ. ಕಾರಿಗೆ ಇನ್ನೊಂದು ಕೀ ಅಂದರೆ ಮಾತ್ರ, "ಎರಡು ಕೀ ಮಾಡ್ಸಾಕ ಎರಡು ಕಾರು ಅದಾವೇನು?" ಎನ್ನುತ್ತಾರೆ.

ಆ ಒಂದು ಕೀ ಸದಾ ಅವರ ಬಿಳಿ ಅಂಗಿಯ ಜೇಬಿನಲ್ಲಿ. ಸಾವ್ಕಾರ್ರು ಬಸ್ ಹತ್ತಿ ಹಡಗಲಿಗೆ ಹೋದರೆ ಕೀಯೂ ಹಡಗಲಿಗೆ ಹೋಗುತ್ತದೆ. ಕಾರು ಮಾತ್ರ ಕೊಟ್ಟೂರಿನ ಓಣಿಯಲ್ಲಿ ಪಕ್ಕದ ಮನೆಯ ಟ್ರ್ಯಾಕ್ಟರಿಗೆ ಅಡ್ಡ ನಿಂತಿರುತ್ತದೆ. ಮಗ ಫೋನ್ ಮಾಡಿ, "ಅಪ್ಪಾಜಿ, ಕೀ ಎಲ್ಲೈತಿ?" ಅಂದರೆ ಇವರು ಜೇಬು ತಟ್ಟಿಕೊಂಡು, "ಹೆದರಬ್ಯಾಡ, ಜೋಪಾನ ಐತಿ" ಎಂದು ಸಮಾಧಾನ ಹೇಳುತ್ತಾರೆ.

ಮನೆಯಾಕೆಯ ಕಾಟ ತಾಳಲಾರದೆ ಕೊನೆಗೊಮ್ಮೆ ಬಸ್‌ಸ್ಟ್ಯಾಂಡ್ ಎದುರು ಛತ್ರಿ ಕೆಳಗೆ ಕೂತ ಕೀ ಮಾಡುವವನ ಬಳಿ ಹೋಗುತ್ತಾರೆ. ಅವನು ಪ್ರಾಮಾಣಿಕ. "ಬಾಗ್ಲು ತೆಗಿತೈತ್ರೀ ಸಾವ್ಕಾರ್ರ, ಗಾಡಿ ಚಾಲೂ ಆಗಾಕ ಚಿಪ್ ಬೇಕು" ಎನ್ನುತ್ತಾನೆ. "ಚಿಪ್ ಮೊಬೈಲಿನಾಗ ಇರತೈತಪ. ನೀ ಹಲ್ಲು ಕೊರಿ" ಎಂದು ಇವರು ಅಪ್ಪಣೆ ಕೊಡುತ್ತಾರೆ. ಹೊಸ ಕೀ ಬಾಗಿಲು ತೆಗೆಯುತ್ತದೆ, ಸ್ಟೇರಿಂಗ್ ಬಿಡಿಸುತ್ತದೆ. ಇಂಜಿನ್ ಒಮ್ಮೆ ಗುರ್ ಎಂದು ಸುಮ್ಮನಾಗುತ್ತದೆ. ಮೀಟರಿನಲ್ಲಿ ಒಂದು ದೀಪ ಮಿಟುಕುತ್ತದೆ. "ಬ್ಯಾಟ್ರಿ ಡೌನ್" ಎಂದು ತೀರ್ಪು ಕೊಟ್ಟು, ನಾಲ್ಕು ಹುಡುಗರಿಗೆ ಮಿರ್ಚಿ ಮಂಡಕ್ಕಿ ಕೊಡಿಸಿ ಕಾರನ್ನು ತಳ್ಳಿಸುತ್ತಾರೆ. ಮಂಡಕ್ಕಿ ಖಾಲಿಯಾಗುತ್ತದೆ, ಕಾರು ಚಾಲೂ ಆಗುವುದಿಲ್ಲ.

ಆಗಿರುವುದು ಇಷ್ಟೇ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಸಣ್ಣದೊಂದು ಚಿಪ್ ಇದೆ. ಅದಕ್ಕೆ ಬ್ಯಾಟರಿ ಇಲ್ಲ. ಬಿಲ್ಲೆಯಂಥ ಬ್ಯಾಟರಿ ರಿಮೋಟಿನ ಗುಂಡಿಗಳಿಗೆ ಮಾತ್ರ. ಕೀ ತೂರಿಸುವ ಜಾಗದ ಸುತ್ತ ತಂತಿಯ ಸುರುಳಿಯೊಂದಿದ್ದು, ಅದರಿಂದ ಸಿಕ್ಕ ಶಕ್ತಿಯಲ್ಲಿ ಚಿಪ್ ಎಚ್ಚೆತ್ತು ತನ್ನ ಗುರುತು ಹೇಳುತ್ತದೆ. ಕಾರಿನ ಕಂಪ್ಯೂಟರು ತನ್ನ ಪಟ್ಟಿ ನೋಡುತ್ತದೆ. ಕಾರ್ಡಿನಲ್ಲಿ ಹೆಸರಿಲ್ಲದವನು ಎಷ್ಟು ದೊಡ್ಡ ಚೀಲ ತಂದರೂ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗದು. ಇಲ್ಲಿಯೂ ಹಾಗೇ, ಹಲ್ಲು ಎಷ್ಟೇ ಚೆನ್ನಾಗಿ ಕೊರೆದಿದ್ದರೂ ಪಟ್ಟಿಯಲ್ಲಿ ಇಲ್ಲದ ಕೀಗೆ ಇಂಜಿನ್ ಓಡದು. ಯುರೋಪಿನಲ್ಲಿ 1998ರ ಹೊತ್ತಿಗೆ ಹೊಸ ಕಾರುಗಳಿಗೆ ಕಡ್ಡಾಯವಾದ ಈ ಇಮ್ಮೊಬಿಲೈಸರ್‌ಗೆ ನಮ್ಮಲ್ಲಿ ಮಾರುತಿಯವರು ಐಕ್ಯಾಟ್ಸ್ ಎಂದು ಹೆಸರಿಟ್ಟರು. ಕಳ್ಳರನ್ನು ತಡೆಯಲೆಂದು ಬಂದದ್ದು ನಮ್ಮಲ್ಲಿ ಹೆಚ್ಚಾಗಿ ಸಾವ್ಕಾರ್ರನ್ನೇ ತಡೆಯುತ್ತಿದೆ.

ಪಟ್ಟಿಗೆ ಹೆಸರು ಸೇರಿಸುವುದೇ ಪ್ರೋಗ್ರಾಮಿಂಗ್. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಮೆಷಿನ್ ಜೋಡಿಸಿದರೆ ಬಹಳಷ್ಟು ಕಾರುಗಳಲ್ಲಿ ನಿಮಿಷಗಳ ಕೆಲಸ. ಆದರೆ ಶೋರೂಮಿನವರು ಆರ್‌ಸಿ ಕೇಳುತ್ತಾರೆ, ಗುರುತಿನ ಚೀಟಿ ಕೇಳುತ್ತಾರೆ. ಸಾವ್ಕಾರ್ರ ಆರ್‌ಸಿ ಇನ್ನೂ ಹಳೇ ಓನರ್ ಹೆಸರಲ್ಲೇ ಇರುತ್ತದೆ. ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಿ ಹೆಸರು ಬದಲಿಸಿಕೊಳ್ಳಬೇಕೆಂದು ಕಾನೂನು ಹೇಳುತ್ತದೆ. ಫಾರಂ 29, 30ಕ್ಕೆ ಸಹಿ ಹಾಕಿಸಿ ಟ್ರಂಕಿನಲ್ಲಿ ಭದ್ರವಾಗಿ ಇಟ್ಟಿರುವುದೇ ಸಾಕೆಂದು ಸಾವ್ಕಾರ್ರು ಹೇಳುತ್ತಾರೆ. "ಕಾರು ನಂದು, ಕೀ ನಂದು, ಇವ್ರದೇನು ನಡುವ?" ಎಂದು ಸಿಟ್ಟಾಗಿ, ಇರುವ ಒಂದೇ ಕೀ ಹಾಕಿಕೊಂಡು ಊರಿಗೆ ಬರುತ್ತಾರೆ.

ಆಮೇಲೆ ಕೊಟ್ಟೂರು ತೇರು. ನೂಕುನುಗ್ಗಲಿನಲ್ಲಿ ಎರಡೂ ಕೈ ಎತ್ತಿ ಬಾಳೆಹಣ್ಣು ಎಸೆದ ಸಾವ್ಕಾರ್ರು ಜೇಬು ಮುಟ್ಟಿ ನೋಡಿಕೊಂಡರೆ ಕೀ ಇಲ್ಲ. ದಾವಣಗೆರೆ ಕಡೆಯಿಂದ ಪಾದಯಾತ್ರೆ ಬಂದವರು ದರ್ಶನ ಮುಗಿಸಿ ಊರು ಮುಟ್ಟಿದರೂ ಇವರು ಕಾರಿನ ಪಕ್ಕದಲ್ಲೇ ನಿಂತಿದ್ದಾರೆ. ಆಗ ಊರೆಲ್ಲ ಪಂಡಿತರೇ. ಕೂಡ್ಲಿಗಿಯವನು ವೈರ್ ಕತ್ತರಿಸಿ ಜೋಡಿಸು ಎನ್ನುತ್ತಾನೆ, ಹಗರಿಬೊಮ್ಮನಹಳ್ಳಿಯವನು ಕಂಪ್ಯೂಟರ್ ಕಿತ್ತು ಬೇರೆ ಹಾಕು ಎನ್ನುತ್ತಾನೆ, ಹಡಗಲಿಯವನು ಮೈಲಾರದ ಕಾರಣಿಕದಲ್ಲೇ ಇದಕ್ಕೆ ಸೂಚನೆ ಇತ್ತು ಎನ್ನುತ್ತಾನೆ. ಬದುಕಿರುವ ಒಂದು ಕೀ ಇದ್ದಾಗ ಇನ್ನೊಂದನ್ನು ಸೇರಿಸುವುದು ಸಲೀಸು. ಇರುವುದೊಂದೂ ಹೋದರೆ ಪೊಲೀಸ್ ಠಾಣೆಯ ಕಾಗದ, ಗಾಡಿ ಎಳೆದೊಯ್ಯುವ ಖರ್ಚು, ಹೊಸ ಕೀಯ ಖರ್ಚು, ಎಲ್ಲ ಒಟ್ಟಿಗೆ ಬಂದು ತಲೆಯ ಮೇಲೆ ಕೂಡುತ್ತವೆ. ಕಾರೇ ಕಳುವಾದರಂತೂ ವಿಮೆ ಕಂಪನಿಯವರು ಎರಡೂ ಕೀ ಕೊಡಿ ಎನ್ನುತ್ತಾರೆ.

ಅಷ್ಟೆಲ್ಲ ಖರ್ಚು ತೆತ್ತ ಮೇಲೆ ಈಗ ಸಾವ್ಕಾರ್ರ ಬಳಿ ಎರಡು ಕೀ ಇವೆ. ಎರಡನೆಯದನ್ನು ಎಲ್ಲಿಟ್ಟಿದ್ದೀರಿ ಎಂದರೆ ಅಕ್ಕಪಕ್ಕ ನೋಡಿ ತಗ್ಗಿದ ದನಿಯಲ್ಲಿ ಹೇಳುತ್ತಾರೆ: "ಎಲ್ಲೂ ಕಳಿಬಾರ್ದು ಅಂತ ಕಾರಿನ ಡ್ಯಾಶ್‌ಬೋರ್ಡ್ ಒಳಗ ಇಟ್ಟು ಲಾಕ್ ಮಾಡೀನಿ."

ಹಳೇ ಕಾರು ಕೊಳ್ಳುವವರಿಗೆ ಒಂದು ಮಾತು. ಎರಡೂ ಕೀ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಒಂದೇ ಕೀ ಅಂದರೆ ಇನ್ನೊಂದರ ಖರ್ಚನ್ನು ರೇಟಿನಲ್ಲೇ ಮುರಿದುಕೊಳ್ಳಿ. ಹೊಸದನ್ನು ಸೇರಿಸುವಾಗ ಹಳೇ ಓನರ್ ಬಳಿ ಉಳಿದಿರಬಹುದಾದ ಕೀಯನ್ನು ಪಟ್ಟಿಯಿಂದ ತೆಗೆಸಿ. ಆಮೇಲೆ ಎರಡನೇ ಕೀಯನ್ನು ಮನೆಯಾಕೆಯ ಕೈಗೆ ಕೊಡಿ; ಇಡುವ ಜಾಗ ಅವರಿಗೆ ಗೊತ್ತಿರುತ್ತದೆ.